ಹುಲ್ಲುಬೆಟ್ಟ ಬಂಜರಲ್ಲ

ಮರವಿಲ್ಲದ ಬೆಟ್ಟವನ್ನು ಕಂಡರೆ ಬರಿದೆಂದು ತಿಳಿಯುವುದು ವಾಡಿಕೆ. ನಮ್ಮ ನೀಲಗಿರಿಯಲ್ಲಿ ಇದು ಸಲ್ಲದು. ಇಲ್ಲಿ ಕಣಿವೆಗೆ ಶೋಲೆ ಕಾಡು, ಇಳಿಜಾರಿಗೆ ಹುಲ್ಲು. ಇದೇ ಪ್ರಕೃತಿಯ ಏರ್ಪಾಡು. ಕರ್ಪೂರ ಮರವೂ ಸೀಗೆ ಎನ್ನಿಸಿಕೊಳ್ಳುವ ವ್ಯಾಟಲ್ ಮರವೂ ಆಸ್ಟ್ರೇಲಿಯದಿಂದ ಬಂದವು. ಮೊದಲನೆಯದಕ್ಕೆ ಕನ್ನಡ ನಾಡಿನಲ್ಲಿ ನೀಲಗಿರಿ ಮರವೆಂದೇ ಹೆಸರು. ಆದರೆ ಅದು ನೀಲಗಿರಿಯದಲ್ಲ!

ಇದರಿಂದಾದ ನಷ್ಟವೇನು? 1973ರಿಂದ 2017ರೊಳಗೆ ಪಶ್ಚಿಮ ಘಟ್ಟದ ಎತ್ತರದ ಹುಲ್ಲುಗಾವಲಿನಲ್ಲಿ ನೂರಕ್ಕೆ 23 ಪಾಲು ಪರದೇಶದ ಮರಗಳ ಪಾಲಾಯಿತೆಂದು ಉಪಗ್ರಹ ಚಿತ್ರಗಳ ಅಧ್ಯಯನ ತೋರಿಸಿದೆ. ಗ್ಲೆನ್‌ಮಾರ್ಗನ್ನಿನಲ್ಲಿ ಹುಲ್ಲಿನ ನೆಲಕ್ಕೆ ಕರ್ಪೂರ ಮರ ನೆಟ್ಟು ಅಳೆದಾಗ, ಮೊದಲ ಹತ್ತು ವರ್ಷದಲ್ಲಿ ಹಳ್ಳಕ್ಕೆ ಹರಿವ ನೀರು ನೂರಕ್ಕೆ 16ರಷ್ಟು ತಗ್ಗಿತು. ಹುಲ್ಲು ಹೋದರೆ ನಮ್ಮ ತೋಟದ ನೀರಿಗೂ ಸಂಚಕಾರ.

ಹುಲ್ಲಿನ ಆರೋಗ್ಯವನ್ನು ತಿಳಿಸುವುದು ನೀಲಗಿರಿ ಪಿಪಿಟ್ ಎಂಬ ಪುಟ್ಟ ಕಂದು ಹಕ್ಕಿ. ದಕ್ಷಿಣದ ಘಟ್ಟಗಳನ್ನು ಬಿಟ್ಟರೆ ಲೋಕದಲ್ಲಿ ಬೇರೆಲ್ಲೂ ಇದಿಲ್ಲ. ಹುಲ್ಲಿನ ಬುಡದಲ್ಲಿ, ನೆಲದ ಮೇಲೆಯೇ ಗೂಡು ಕಟ್ಟುತ್ತದೆ. ಮರ ಬೆಳೆದಲ್ಲಿ ಇದು ಬಾಳದು.

ನಾವು ಮಾಡಬಹುದಾದುದು:

1. ಎಣಿಕೆ. ಪೊಂಗಲ್ ಹಬ್ಬದ ನಾಲ್ಕು ದಿನ ತಮಿಳುನಾಡಿನಲ್ಲಿ ಹಕ್ಕಿ ಎಣಿಕೆ ನಡೆಯುತ್ತದೆ, ಯಾರೂ ಸೇರಬಹುದು. ಒಂದೇ ಕಡೆ ಹದಿನೈದು ನಿಮಿಷವಾದರೂ ನಿಂತು, ಕಂಡ ಹಕ್ಕಿಗಳನ್ನೆಲ್ಲ ಬರೆಯಿರಿ. ಗುರುತು ಸಿಗದುದನ್ನು ಊಹಿಸಿ ಬರೆಯಬೇಡಿ. ಪ್ರತಿ ವರ್ಷವೂ ಅದೇ ಜಾಗದಲ್ಲಿ ಎಣಿಸಿದರೆ ಏರಿಳಿತ ತಿಳಿಯುತ್ತದೆ.

2. ಕಳೆ ಕೀಳುವುದು. ಸೀಗೆಯ ಸಸಿಗಳನ್ನು ಬೇರುಸಹಿತ ಕೀಳಿರಿ. ಬೆಂಕಿ ಇಡಬೇಡಿ, ಮಣ್ಣಿನಲ್ಲಿ ಹುದುಗಿದ ಬೀಜಗಳೆಲ್ಲ ಒಮ್ಮೆಗೇ ಮೊಳೆಯುತ್ತವೆ. ಅರಣ್ಯ ಇಲಾಖೆಯ ಭೂಮಿಯಲ್ಲಿ ಅನುಮತಿ ಬೇಕು. ಶೋಲೆಯ ಮರವನ್ನು ಮುಟ್ಟಕೂಡದು.

3. ನಾಟಿ. ಅದೇ ಬೆಟ್ಟದ ಹುಲ್ಲಿನ ದಿಂಡನ್ನು ಸೀಳಿ, ಬೇರಿನೊಡನೆ ನೆಡಿರಿ. ಹಕ್ಕಿಯ ಗೂಡಿನ ಕಾಲ ಬೇಸಗೆಯ ಕೊನೆ ಮತ್ತು ಮುಂಗಾರು. ಆಗ ಹುಲ್ಲಿನಲ್ಲಿ ತುಳಿದಾಡಬಾರದು. ಕೋತಗಿರಿ ಸೀಮೆಗೆ ಹಿಂಗಾರು ಮಳೆಯೇ ಹೆಚ್ಚಾದುದರಿಂದ, ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳೇ ಕೀಳುವುದಕ್ಕೂ ನೆಡುವುದಕ್ಕೂ ಅನುಕೂಲ.

ಒಂದು ಸಲ ಕಿತ್ತರೆ ಮುಗಿಯಲಿಲ್ಲ. ಸೀಗೆಯ ಬೀಜ ಮಣ್ಣಿನಲ್ಲಿ ಹಲವು ದಶಕ ಜೀವದಿಂದಿರುತ್ತದೆ. ಆದ್ದರಿಂದ ವರ್ಷ ವರ್ಷವೂ ಹೋಗಿ ನೋಡಬೇಕು. ಅಮೆರಿಕದ ಶಿಕಾಗೋ ಬಳಿ 1977ರಲ್ಲಿ ಊರ ಜನರೇ ಕೂಡಿ ಕಳೆ ಕಿತ್ತು, ಹುಲ್ಲಿನ ಬೀಜ ಆಯ್ದು ಬಿತ್ತಿ, ಪ್ರೇರಿ ಎಂಬ ತಮ್ಮ ಹುಲ್ಲುಗಾವಲನ್ನು ಮರಳಿ ಬೆಳೆಸತೊಡಗಿದರು. ಆ ಕೆಲಸಕ್ಕೆ ಬೇಕಾದುದು ಹಣಕ್ಕಿಂತ ಹೆಚ್ಚಾಗಿ ತಾಳ್ಮೆ. ಅದು ಬೇಸಾಯಗಾರನಿಗೆ ಹೊಸದಲ್ಲ. ಹಟ್ಟಿಗೆ ಹತ್ತು ಮಂದಿ, ವರ್ಷಕ್ಕೆ ನಾಲ್ಕು ದಿನ ಕೊಟ್ಟರೆ ಒಂದು ಇಳಿಜಾರಾದರೂ ಉಳಿದೀತು.