ಹೊಗೆ, ತಾಯಿ ಮತ್ತು ಮಗು



2019ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮವನ್ನು ಆರಂಭಿಸಿದಾಗ, ಗಾಳಿ ಕೆಟ್ಟಿರುವ ನಗರಗಳ ಪಟ್ಟಿಯಲ್ಲಿ ನಮ್ಮ ರಾಜ್ಯದ ನಾಲ್ಕು ಸೇರಿದ್ದವು: ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ ಮತ್ತು ಕಲಬುರಗಿ. ಕಲಬುರಗಿ ನಗರದಲ್ಲಿ ರಸ್ತೆಯ ಧೂಳು, ವಾಹನದ ಹೊಗೆ. ಅಲ್ಲಿಂದ ಹುಮನಾಬಾದ್ ಹಾದಿಯಲ್ಲಿ, ಕೆಂಪು ಬಾಳೆಗೆ ಹೆಸರಾದ ಕಮಲಾಪುರದ ಕಡೆ ಹೋದರೆ ವಾಹನ ಕಡಿಮೆ. ಆದರೆ ತೊಗರಿ ಕಟ್ಟಿಗೆ ಉರಿಸುವ ಹಳ್ಳಿಯ ಅಡುಗೆಮನೆಯಲ್ಲಿ ಹೊಗೆ ತುಂಬಿರುತ್ತದೆ. ನಮ್ಮ ತೋಟದ ಮನೆಗಳೂ ಈ ಎರಡನೆಯ ಬಗೆಗೆ ಸೇರಿದವು. ಊರ ಸುತ್ತ ಹಸಿರಿದ್ದ ಮಾತ್ರಕ್ಕೆ ಉಸಿರಾಡುವ ಗಾಳಿ ಶುದ್ಧವೆಂದು ತಿಳಿಯುವಂತಿಲ್ಲ.

ಹೊಗೆಯ ಅತಿಸೂಕ್ಷ್ಮ ಕಣ ತಲೆಕೂದಲಿನ ದಪ್ಪದ ಸುಮಾರು 30ರಲ್ಲಿ ಒಂದು ಪಾಲು. ಅದು ಶ್ವಾಸಕೋಶದ ಆಳಕ್ಕಿಳಿದು ರಕ್ತವನ್ನೂ ಸೇರಬಲ್ಲದು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್, ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ರಕ್ತಕ್ಕೆ ಅಂಟಿಕೊಳ್ಳುತ್ತದೆ. ಇದರಿಂದ ಗರ್ಭದ ಶಿಶುವಿಗೆ ಸಿಗುವ ಆಮ್ಲಜನಕ ಕಡಿಮೆಯಾಗುತ್ತದೆ. ದಿನ ತುಂಬುವ ಮೊದಲೇ ಹೆರಿಗೆಯಾಗುವ, ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಮಗು ಹುಟ್ಟುವ ಸಂಭವ ಹೆಚ್ಚುತ್ತದೆ. ಹುಟ್ಟಿದ ಕೂಸು ನಿಮಿಷಕ್ಕೆ 40ರಿಂದ 60 ಬಾರಿ ಉಸಿರಾಡುತ್ತದೆ. ದೊಡ್ಡವರು 12ರಿಂದ 20 ಬಾರಿ ಮಾತ್ರ. ಮನೆಯೊಳಗಿನ ಹೊಗೆಯಿಂದ ಐದು ವರ್ಷದೊಳಗಿನ ಮಕ್ಕಳಿಗೆ ನ್ಯುಮೋನಿಯಾ ಬರುವ ಅಪಾಯ ಸುಮಾರು ಇಮ್ಮಡಿಯಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ತಿಳಿಸಿದೆ.

ನಮ್ಮಲ್ಲಿ ಅಡುಗೆ ಒಲೆಯ ಜೊತೆಗೆ ಅಡಿಕೆ ಬೇಯಿಸುವ ಒಲೆ, ಬಚ್ಚಲೊಲೆ, ರಸ್ತೆ ಬದಿಯಲ್ಲಿ ದಿನಗಟ್ಟಲೆ ಹೊಗೆಯಾಡುವ ಅಡಿಕೆ ಸಿಪ್ಪೆಯ ರಾಶಿಯೂ ಇವೆ. ಆದ್ದರಿಂದ ನಾವು ಈ ಕೆಳಗಿನ ಕ್ರಮಗಳನ್ನು ಅನುಸರಿಸುವುದು ಒಳ್ಳೆಯದು:

1. ಗ್ಯಾಸ್ ಇರುವ ಮನೆಯಲ್ಲಿ ಗರ್ಭಿಣಿ, ಬಾಣಂತಿ ಇದ್ದಾಗಲಾದರೂ ಅಡುಗೆಯೆಲ್ಲ ಅದರಲ್ಲೇ ಆಗಲಿ. ಉಳಿತಾಯವನ್ನು ಬೇರೆಡೆ ನೋಡೋಣ.

2. ಸೌದೆ ಬಿಡಲಾಗದಿದ್ದರೆ ಹೊಗೆ ಕೊಳವೆ ಇರುವ ಒಲೆ ಹಾಕಿಸಬೇಕು. ಭಾರತೀಯ ವಿಜ್ಞಾನ ಸಂಸ್ಥೆಯ 'ಅಸ್ತ್ರ ಒಲೆ' ಇಂಥದು. ಸೌದೆ ಚೆನ್ನಾಗಿ ಒಣಗಿರಬೇಕು. ಕೊಳವೆಯ ಮಸಿಯನ್ನು ಆಗಾಗ್ಗೆ ತೆಗೆಯಬೇಕು.

3. ಅಡಿಕೆ ಬೇಯಿಸುವ ಒಲೆ ಮನೆಯಿಂದ ದೂರವಿರಲಿ. ಸುಲಿಯುವವರು ಗಾಳಿ ಬರುವ ದಿಕ್ಕಿಗೆ ಕೂರಲಿ. ಕೂಸಿನ ತೊಟ್ಟಿಲು ಅಲ್ಲಿ ಬೇಡ.

4. ಸಿಪ್ಪೆಯನ್ನು ಸುಡದೆ ಸಗಣಿಯ ಬಗ್ಗಡದೊಡನೆ ಗುಂಡಿಗೆ ಹಾಕಿದರೆ, ನಿಧಾನವಾಗಿಯಾದರೂ ಗೊಬ್ಬರವಾಗುತ್ತದೆ.

5. ಕೂಲಿಗೆ ಬರುವ ಗರ್ಭಿಣಿಯರಿಗೆ ಹೊಗೆಯಿಲ್ಲದ ಕೆಲಸ ಕೊಡೋಣ. ಅದಕ್ಕಾಗಿ ಕೂಲಿ ಕಡಿತ ಮಾಡುವುದು ಸರಿಯಲ್ಲ. ಕಡಿತವಾಗುವುದೆಂದು ಅಂಜಿದರೆ ಅವರು ಹೊಗೆಯ ಪಕ್ಕದಲ್ಲೇ ಉಳಿಯುತ್ತಾರೆ.

ಮಗುವಿಗೆ ಉಸಿರು ವೇಗವಾಗಿ, ಎದೆಗೂಡು ಒಳಕ್ಕೆ ಸೆಳೆಯುತ್ತಿದ್ದರೆ ಮನೆಮದ್ದಿಗೆ ಕಾಯದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು.