ತಂತಿ ಮುಟ್ಟಿ ನೋಡು, ಮಗಳೇ



ಕೊಚ್ಚಿಯಲ್ಲಿ 36 ಅಡಿಯ ಹಳೇ ಹಾಯಿದೋಣಿ ಕೊಂಡಿದ್ದೀಯ, ಮಳೆಗಾಲ ಕಳೆದ ಮೇಲೆ ಗಂಡ ಹೆಂಡತಿ ಅದರಲ್ಲೇ ಸಂಸಾರ ಹೂಡಿ ಗೋವಾದ ಕಡೆಗೆ ಹೊರಡುತ್ತೀರಿ ಎಂದು ಕೇಳಿ ನಿನ್ನಪ್ಪ ಎರಡು ದಿನ ಮಾತೇ ಆಡಲಿಲ್ಲ. ದೊಡ್ಡಪ್ಪನಾದ ನನಗೆ ಮಾತ್ರ ಖುಷಿಯಾಯಿತು. ಮೂವತ್ತು ವರ್ಷ ಸರಕು ಹಡಗುಗಳಲ್ಲಿ ಕರೆಂಟಿನ ಕೆಲಸವನ್ನೇ ಮಾಡಿದವನು ನಾನು. ಮಿಕ್ಸಿ, ಗ್ರೈಂಡರ್, ರೈಸ್ ಕುಕ್ಕರ್, ಫ್ರಿಜ್ ಎಲ್ಲಕ್ಕೂ ಆಗುವಂತೆ ಎಷ್ಟು ವ್ಯಾಟಿನ ಇನ್ವರ್ಟರ್ ಹಾಕಿಸಲಿ ಎಂದು ಕೇಳಿದ್ದೀಯ. ನಿನ್ನ ಹಾಗೇ ಹೊರಟವರು ಇನ್ನೂ ಕೆಲವರು ಇರಬಹುದು, ಅವರೂ ಓದಲಿ ಎಂದು ಪತ್ರಿಕೆಗೇ ಬರೆಯುತ್ತಿದ್ದೇನೆ.

ವ್ಯಾಟು ಆಮೇಲೆ. ಯಾವುದು ಎಷ್ಟು ಹೊತ್ತು ಓಡುತ್ತದೆ ಎನ್ನುವುದು ಮೊದಲು. ಮನೆಯಲ್ಲಿ ನಲ್ಲಿ ತಿರುಗಿಸಿದ ಹಾಗೆ ಕರೆಂಟು ಬರುತ್ತದೆ. ದೋಣಿಯಲ್ಲಿ ಇರುವುದು ಕೊಡದಲ್ಲಿ ತುಂಬಿಟ್ಟ ನೀರು. 12 ವೋಲ್ಟಿನ, 100 ಆಂಪಿಯರ್-ಅವರ್‌ನ ಎರಡು ಲೆಡ್ ಆಸಿಡ್ ಬ್ಯಾಟರಿ ಇವೆ ಅಂದೆಯಲ್ಲ, ಲೆಕ್ಕಕ್ಕೆ ಅದು 2,400 ವ್ಯಾಟ್-ಅವರ್. ಆದರೆ ದಿನಾ ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅವು ಬೇಗ ಸಾಯುತ್ತವೆ. ಹಾಗಾಗಿ ನಿನ್ನ ಕೈಯಲ್ಲಿರುವುದು 1,200.

ಈಗ ನೋಡು. 750 ವ್ಯಾಟಿನ ಮಿಕ್ಸಿಯಲ್ಲಿ ಮೂರು ನಿಮಿಷ ಕಾಯಿ ರುಬ್ಬಿದರೆ, ಇನ್ವರ್ಟರಿನಲ್ಲಿ ಸೋರುವುದೂ ಸೇರಿ, ನಲವತ್ತು ವ್ಯಾಟ್-ಅವರ್ ಚಿಲ್ಲರೆ. ಗ್ರೈಂಡರ್ ಬರೀ 150 ವ್ಯಾಟು, ಆದರೆ ನಲವತ್ತು ನಿಮಿಷ ತಿರುಗಿ ನೂರು ದಾಟಿಸುತ್ತದೆ. ಕುಕ್ಕರ್ ಅನ್ನ ಮಾಡುವಷ್ಟರಲ್ಲಿ 350 ತಿನ್ನುತ್ತದೆ. ಅದನ್ನು ಊರಲ್ಲೇ ಬಿಡು, ಅನ್ನಕ್ಕೆ ಗ್ಯಾಸ್ ಸಾಕು. ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ದೋಣಿಯ ತಳಕ್ಕೆ ಇಳಿದು ಅಲ್ಲೇ ಕೂರುತ್ತದೆ. ಅಡುಗೆ ಮುಗಿದೊಡನೆ ಸಿಲಿಂಡರಿನ ಬಾಯಿಯಲ್ಲೇ ಮುಚ್ಚುವ ಅಭ್ಯಾಸ ಮಾಡಿಕೊ.

ನಿಜವಾಗಿ ಕೊಡ ಬರಿದು ಮಾಡುವುದು ಫ್ರಿಜ್. 12 ವೋಲ್ಟಿನಲ್ಲೇ ಓಡುವ ದೋಣಿಯ ಫ್ರಿಜ್ 50 ವ್ಯಾಟಿನದಾದರೂ ನಮ್ಮ ಸೆಕೆಗೆ ದಿನದ ಅರ್ಧ ಹೊತ್ತು ಓಡುತ್ತದೆ. ಅಲ್ಲಿಗೆ 600 ಹೋಯಿತು. ಮನೆಯ ಫ್ರಿಜ್ ತರಬೇಡ. ಮುಂದಿನ ಬಾಗಿಲು ತೆಗೆದಾಗಲೆಲ್ಲ ತಣ್ಣನೆಯ ಗಾಳಿ ಕಾಲಬುಡಕ್ಕೆ ಸುರಿದುಹೋಗುತ್ತದೆ. ಮೇಲಿನಿಂದ ಮುಚ್ಚಳ ತೆಗೆಯುವ ಪೆಟ್ಟಿಗೆಯಲ್ಲಿ ತಂಪು ಒಳಗೇ ನಿಲ್ಲುತ್ತದೆ. ಇನ್ನೊಂದು ಸೋರಿಕೆ ಯಾರ ಕಣ್ಣಿಗೂ ಬೀಳುವುದಿಲ್ಲ. ಏನೂ ಓಡದಿದ್ದರೂ ಇನ್ವರ್ಟರ್ ತಾನೇ 15 ವ್ಯಾಟು ಕುಡಿಯುತ್ತಿದ್ದರೆ ಇಡೀ ದಿನಕ್ಕೆ 360 ಆಯಿತು, ಎಂಟು ಸಲ ಚಟ್ನಿ ರುಬ್ಬುವಷ್ಟು! ರುಬ್ಬುವಾಗ ಹಾಕು, ರುಬ್ಬಿ ಆದ ಕೂಡಲೇ ಆರಿಸು.

ನನಗೆ ನಿನ್ನ ಬಗ್ಗೆ ಇರುವ ಭಯ ಬ್ಯಾಟರಿ ಇಳಿಯುವುದರದ್ದಲ್ಲ, ತಂತಿಯದ್ದು. ಮನೆಯಲ್ಲಿ 230 ವೋಲ್ಟಿಗೆ ಮೂರು ಆಂಪು ಚಿಲ್ಲರೆ ಎಳೆಯುವ ಅದೇ ಮಿಕ್ಸಿಗಾಗಿ ಇಲ್ಲಿ ಬ್ಯಾಟರಿಯಿಂದ ಹರಿಯುವುದು 70 ಆಂಪು. ಒಮ್ಮೆ ಗೋವಾದ ಮಾಂಡೋವಿ ನದಿಯಲ್ಲಿ ಲಂಗರು ಹಾಕಿದ್ದ ಸ್ನೇಹಿತನೊಬ್ಬನ ದೋಣಿಗೆ ಊಟಕ್ಕೆ ಹೋಗಿದ್ದೆ. ಮಸಾಲೆ ರುಬ್ಬುತ್ತಿದ್ದ ಮಿಕ್ಸಿಯ ಸದ್ದು ಇಳಿಯಿತು, ಇನ್ವರ್ಟರ್ ಕೀಂ ಎಂದು ಕೂಗಿ ನಿಂತಿತು. ಬ್ಯಾಟರಿ ಮುಗಿಯಿತು ಎಂದರು ಎಲ್ಲರೂ. ನನ್ನ ಮೂಗಿಗೆ ಬೇರೆಯೇ ವಾಸನೆ ಬಂತು. ಮಲಗುವ ಹಲಗೆಯ ಮೇಲಿನ ಹಾಸಿಗೆ ಎತ್ತಿದೆ. 4 ಚದರ ಮಿಲಿಮೀಟರಿನ ಮನೆ ವೈರಿಂಗ್ ತಂತಿ, ಹೊದಿಕೆ ಮೇಣದ ಹಾಗೆ ಮೆತ್ತಗಾಗಿತ್ತು. ಅಲುಗಾಟಕ್ಕೆ ಸಡಿಲಾದ ಒಂದು ನಟ್ಟಿನ ಕೆಳಗೆ, ಪ್ಲೈವುಡ್ಡಿನ ಮೇಲೆ, ರೂಪಾಯಿ ನಾಣ್ಯದಷ್ಟು ಅಗಲ ಸುಟ್ಟು ಕರಿಯಾಗಿತ್ತು. ಬ್ಯಾಟರಿ ತುಂಬಿಯೇ ಇತ್ತು. ಹೋಗಿಬರುವ ಆರು ಮೀಟರ್ ತಂತಿಯಲ್ಲೇ ಎರಡು ವೋಲ್ಟಿನ ಹತ್ತಿರ ಕಳೆದು, ಅದೆಲ್ಲ ಕಾವಾಗಿತ್ತು. ನಡುನೀರಿನಲ್ಲಿ ಬೆಂಕಿ ಹತ್ತಿದರೆ ಓಡುವುದೆಲ್ಲಿಗೆ, ಮಗಳೇ?

ಮೋಟಾರು ತಿರುಗಲು ಶುರುವಾಗುವಾಗ ಜಾಸ್ತಿ ಎಳೆಯುತ್ತದೆ, ಆದ್ದರಿಂದ 1,500 ವ್ಯಾಟಿನ, ಪ್ಯೂರ್ ಸೈನ್ ವೇವ್ ಇನ್ವರ್ಟರ್ ತಗೋ. ಅಗ್ಗದ ಬಗೆಯದ್ದಾದರೆ ಗ್ರೈಂಡರಿನ ಮೋಟಾರು ಗುಂಯ್‌ಗುಟ್ಟಿ ಕಾಯುತ್ತದೆ. ಬ್ಯಾಟರಿಗೆ ಹತ್ತಿರ ಇಡು, ಆದರೆ ಅದೇ ಪೆಟ್ಟಿಗೆಯೊಳಗೆ ಬೇಡ. ಚಾರ್ಜ್ ಆಗುವಾಗ ಲೆಡ್ ಆಸಿಡ್ ಬ್ಯಾಟರಿ ಹೈಡ್ರೋಜನ್ ಬಿಡುತ್ತದೆ, ಅದು ಹತ್ತಿಕೊಳ್ಳಲು ಒಂದು ಕಿಡಿ ಸಾಕು. ತಂತಿ 50 ಚದರ ಮಿಲಿಮೀಟರಿನದಿರಲಿ, ತವರ ಲೇಪಿಸಿದ ತಾಮ್ರದ್ದಿರಲಿ. ಉಪ್ಪುಗಾಳಿಗೆ ಬರೀ ತಾಮ್ರ ಕಿಲುಬು ಹಿಡಿಯುತ್ತದೆ. ಬ್ಯಾಟರಿಯ ಪ್ಲಸ್ಸಿನಿಂದ ಒಂದು ಗೇಣಿನೊಳಗೆ, ತಂತಿಗೆ ತಕ್ಕ ಫ್ಯೂಸ್ ಹಾಕಿಸು. ಖರ್ಚಾಗುತ್ತದೆ, ಆಗಲಿ.

ಜಗತ್ತನ್ನು ಎಲ್ಲೂ ನಿಲ್ಲದೆ ಒಬ್ಬನೇ ಸುತ್ತಿದ ಮೊದಲಿಗ ರಾಬಿನ್ ನಾಕ್ಸ್-ಜಾನ್ಸ್ಟನ್, 1968-69ರಲ್ಲಿ. ಅವನ ಸುಹೈಲಿ ಮುಂಬೈಯಲ್ಲೇ ಕಟ್ಟಿದ 32 ಅಡಿಯ ತೇಗದ ದೋಣಿ, ನಿನ್ನದಕ್ಕಿಂತ ಚಿಕ್ಕದು. ಮಿಕ್ಸಿ, ಫ್ರಿಜ್ ಇಲ್ಲದೆಯೂ ಸಾಗರ ದಾಟಬಹುದು. ಆದರೂ ನೀನು ಬಿಟ್ಟು ಹೋಗು ಎಂದು ನಾನು ಹೇಳಲಾರೆ. ತಿಂಗಳುಗಟ್ಟಲೆ ನೀರಿನ ಮೇಲಿದ್ದವನಿಗೆ ಕಾಯಿ ಹಾಕಿದ ಒಂದು ಸಾರು ಏನೆಂದು ಗೊತ್ತು. ನ್ಯಾವಿಗೇಷನ್ ದೀಪ, ವಿಎಚ್‌ಎಫ್ ರೇಡಿಯೋ, ತಳದ ನೀರು ಹೊರಹಾಕುವ ಪಂಪು, ಈ ಮೂರರ ಪಾಲನ್ನು ಮೊದಲು ತೆಗೆದಿಟ್ಟು ಉಳಿದದ್ದರಲ್ಲಿ ಅಡುಗೆಮನೆ ನಡೆಸು. ಎಂಜಿನ್ ಶುರು ಮಾಡುವ ಬ್ಯಾಟರಿ ಬೇರೆಯೇ ಇರಲಿ. ಗ್ರೈಂಡರನ್ನು ಲಂಗರು ಹಾಕಿದಾಗ ಮಾತ್ರ ಹೊರಗೆ ತೆಗೆ. ಅಲೆಯ ಮೇಲೆ ಆ ಕಲ್ಲು ಕಾಲ ಮೇಲೆ ಬಿದ್ದರೆ ಆಸ್ಪತ್ರೆ ದೂರ.

400 ವ್ಯಾಟಿನ ಸೋಲಾರ್ ಹಾಕಿಸುತ್ತೀಯಂತೆ. ಒಳ್ಳೆ ಬಿಸಿಲಿಗೆ ದಿನಕ್ಕೆ 1,600 ವ್ಯಾಟ್-ಅವರ್ ಬರಬೇಕು, ಆದರೆ ಹಾಯಿಯ ನೆರಳು ಫಲಕದ ಒಂದು ಮೂಲೆಗೆ ಬಿದ್ದರೂ ತುಂಬಾ ಇಳಿಯುತ್ತದೆ. 1,200 ಎಂದೇ ಬರೆದುಕೊ. ಮೋಡದ ದಿನಕ್ಕೆ ಫ್ರಿಜ್ ಆರಿಸುವ ಮನಸ್ಸಿರಲಿ.

ದಡದ 230 ವೋಲ್ಟಿಗೆ ಪ್ಲಗ್ ಹಾಕುವ ಮೊದಲು ದೋಣಿಯಲ್ಲಿ ಕರೆಂಟು ಸೋರಿದರೆ ಸಂಪರ್ಕ ಕಡಿಯುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಇದೆಯೇ, ಅದರ ಟೆಸ್ಟ್ ಗುಂಡಿ ಒತ್ತಿದರೆ ಬೀಳುತ್ತದೆಯೇ ನೋಡು. ದೋಣಿಯಲ್ಲಿ ಹಳೇ ಇನ್ವರ್ಟರ್ ಇದ್ದರೆ ಈ ಭಾನುವಾರ ಅದರಲ್ಲೇ ಮಿಕ್ಸಿ ಎರಡು ನಿಮಿಷ ಓಡಿಸಿ, ಆಫ್ ಮಾಡಿ, ಬ್ಯಾಟರಿಯಿಂದ ಬರುವ ಹಳೇ ತಂತಿಯನ್ನು ಉದ್ದಕ್ಕೂ ಅಂಗೈಯಲ್ಲಿ ಸವರಿಕೊಂಡು ಹೋಗು. ಎಲ್ಲಿ ಬೆಚ್ಚಗಿದೆಯೋ ಅಲ್ಲಿ ಚಾಕ್‌ಪೀಸಿನಿಂದ ಗುರುತು ಹಾಕು. ಆಮೇಲೆ ಬ್ಯಾಟರಿಯಿಂದ ಬಿಚ್ಚಿ, ಗುರುತಿನ ಜಾಗದ ಒಂದು ತುಂಡು ಕತ್ತರಿಸಿ ನನಗೆ ಅಂಚೆಗೆ ಹಾಕು. ಒಳಗೆ ಎಷ್ಟು ಹಸಿರಾಗಿದೆ ನೋಡಿ ಫೋನ್ ಮಾಡುತ್ತೇನೆ.

ನಿನ್ನ ದೊಡ್ಡಪ್ಪ