ಲೂಪಸ್ ರೋಗದಲ್ಲಿ ವಂಶದ ಪಾಲೆಷ್ಟು?

ವಾಣಿಜ್ಯಶಾಸ್ತ್ರ ಓದಿ ಬ್ಯಾಂಕಿನ ಲೆಕ್ಕಪತ್ರಗಳಲ್ಲಿ ಮುಳುಗಿದ ನನಗೆ ವೈದ್ಯಶಾಸ್ತ್ರ ಅಪರಿಚಿತ. ಆದರೆ ಲೂಪಸ್ ಪೀಡಿತಳಾದ ತಂಗಿಯ ಮಗಳಿಗೆ ಬಂದಿದ್ದ ಸಂಬಂಧವು ‘ವಂಶದ ರೋಗ’ ಎಂಬ ಒಂದೇ ಮಾತಿನಿಂದ ಮುರಿದಾಗ, ನಿಜಾಂಶವನ್ನು ಅರಿಯಬೇಕಾಯಿತು.

ಶರೀರದ ರಕ್ಷಣಾವ್ಯವಸ್ಥೆಯೇ ಸ್ವಂತ ಅಂಗಾಂಗಗಳ ಮೇಲೆರಗುವ ವ್ಯಾಧಿಯಿದು. ಪೀಡಿತರಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಮಂದಿ ಸ್ತ್ರೀಯರು. 6ನೆಯ ವರ್ಣತಂತುವಿನಲ್ಲಿರುವ ಎಚ್‌ಎಲ್‌ಎ ಜೀನುಗಳೂ ಸೇರಿದಂತೆ ಅನೇಕ ಜೀನುಗಳು ತಲಾ ಅಲ್ಪಸ್ವಲ್ಪ ಅಪಾಯವನ್ನು ಕೂಡಿಸುತ್ತವೆ. ಒಂದೇ ಜೀನಿನ ದೋಷದಿಂದ ರೋಗ ಬರುವುದು ಅಪರೂಪ. ಜೀನುಗಳೆಲ್ಲ ಒಂದೇ ಆಗಿರುವ ತದ್ರೂಪಿ ಅವಳಿಗಳಲ್ಲಿ ಸಹ, ಒಬ್ಬರಿಗೆ ಲೂಪಸ್ ಇದ್ದರೆ ಇನ್ನೊಬ್ಬರಿಗೆ ಬರುವ ಸಂಭವ ನೂರಕ್ಕೆ ಸುಮಾರು 25 ಮಾತ್ರ. ಬಿಸಿಲು, ಸೋಂಕು, ಹಾರ್ಮೋನುಗಳ ಪಾತ್ರವೂ ಉಂಟು.

ವಂಶದಿಂದ ಬರುವುದು ರೋಗದ ಸಾಧ್ಯತೆಯೇ ಹೊರತು ರೋಗವೇ ಅಲ್ಲ. ಸಂದೇಹವಿದ್ದವರು ವೈದ್ಯರನ್ನು ಕೇಳಲಿ. ಕೇಳದೆ ಹೆಣ್ಣುಮಗಳ ವಂಶವನ್ನು ದೂಷಿಸದಿರಲೆಂದು ವಾಚಕರಲ್ಲಿ ವಿನಂತಿ.